ಹಳೇ ಟಿವಿ ಗೇಮ್‌ನಲ್ಲಿ ಅಳಿಲುಗಳು ಯಾಕೆ ಮಿಣುಕುತ್ತವೆ? ಕ್ಯಾಸೆಟ್ ಕೆಟ್ಟಿದೆಯಾ?

ಕ್ಯಾಸೆಟ್ ಕೆಟ್ಟಿಲ್ಲ, ಕೋಲಾರದಲ್ಲಿ ನಿಮಗೆ ಮಾರಿದ ಅಂಗಡಿಯವರು ಮೋಸ ಮಾಡಿಯೂ ಇಲ್ಲ. ನೀವು ಆಡುತ್ತಿರುವ ಚಿಪ್ ಅಂಡ್ ಡೇಲ್ 1990ರ ಆಟ. ಅದು ಓಡುವ ಯಂತ್ರ 1983ರಲ್ಲಿ ಜಪಾನಿನಲ್ಲಿ ಬಂದ ನಿಂಟೆಂಡೊ ಫ್ಯಾಮಿಕಾಮ್‌ನ ನಕಲು. ಮಿಣುಕಾಟ ಆ ಯಂತ್ರದ ಮಿತಿ.

ಓಡಾಡುವ ಪಾತ್ರಗಳನ್ನು ಈ ಯಂತ್ರ 8 ಚುಕ್ಕಿ ಅಗಲದ ತುಂಡುಗಳನ್ನು ಜೋಡಿಸಿ ಬಿಡಿಸುತ್ತದೆ. ಟಿವಿಯ ಒಂದು ಅಡ್ಡಗೆರೆಯಲ್ಲಿ ಇಂಥ 8 ತುಂಡು ಮಾತ್ರ ಹಿಡಿಸುತ್ತದೆ. 16 ಚುಕ್ಕಿ ಅಗಲದ ಪಾತ್ರಕ್ಕೇ ಎರಡು ಬೇಕು. ಇಬ್ಬರು ಆಡುತ್ತಿದ್ದೀರಿ, ಅದೇ ಸಾಲಿನಲ್ಲಿ ಎದುರಿಗೆ ಎರಡು ಶತ್ರು, ಜೊತೆಗೆ ನೀವು ಎಸೆದ ಪೆಟ್ಟಿಗೆ ಬೇರೆ. ಲೆಕ್ಕ ದಾಟಿತು ಅಲ್ವಾ? ಒಂಬತ್ತನೆಯ ತುಂಡನ್ನು ಯಂತ್ರ ಸುಮ್ನೆ ಬಿಟ್ಟುಬಿಡುತ್ತದೆ.

ಹಾಗೆ ಬಿಟ್ಟರೆ ಒಂದು ಶತ್ರು ಪೂರ್ತಿ ಮಾಯವಾಗಿ, ಕಾಣದೇ ಬಂದು ಹೊಡೆಯುತ್ತಿತ್ತು. ಅದಕ್ಕೆ ಆಟ ಬರೆದವರು ತುಂಡುಗಳ ಸರದಿಯನ್ನು ಪ್ರತಿ ಚಿತ್ರಕ್ಕೂ ಬದಲಿಸುತ್ತಾರೆ. ಕೋಲಾರ-ಬೆಂಗಳೂರು ಬಸ್ಸಿನಲ್ಲಿ ಗೆಳೆಯರು ಸರದಿಯಲ್ಲಿ ಸೀಟು ಬಿಟ್ಟುಕೊಟ್ಟ ಹಾಗೆ. ಚಿತ್ರ ಸೆಕೆಂಡಿಗೆ 50-60 ಸಲ ಬದಲಾಗುವುದರಿಂದ ನಮಗೆ ಅದು ಮಿಣುಕಿದಂತೆ ಕಾಣುತ್ತದೆ. ನನ್ನ ಪ್ರಕಾರ ಜಾಣ ಉಪಾಯ.

ನೀವೇ ನೋಡಿ: ಮಿಣುಕುವಾಗ ಅಳಿಲನ್ನು ಮೇಲಕ್ಕೆ ಹಾರಿಸಿ. ಅದು ಆ ಗೆರೆಗಳನ್ನು ಬಿಟ್ಟ ತಕ್ಷಣ ಕೆಳಗಿರುವವರ ಮಿಣುಕಾಟ ಕಡಿಮೆಯಾಗುತ್ತದೆ. ನೆಲ, ಗೋಡೆ ಎಂದೂ ಮಿಣುಕುವುದಿಲ್ಲ, ಹಿನ್ನೆಲೆ ಈ ಲೆಕ್ಕಕ್ಕೆ ಸೇರುವುದಿಲ್ಲ.

ಇಡೀ ಪರದೆ ಕಲಸಿಹೋದರೆ ಮಾತ್ರ ಕ್ಯಾಸೆಟ್ಟಿನ ಪಿನ್ನು ಒರೆಸಿ.