ಅಮ್ಮನ ಪಿತ್ತಕೋಶ ಎಡಗಡೆ ಇದೆಯಂತೆ, ಕೀಹೋಲ್ ಆಪರೇಷನ್ ಆಗುತ್ತದಾ?

ಪ್ರಶ್ನೆ: ಡಾಕ್ಟ್ರೇ, ನಮ್ಮಮ್ಮನಿಗೆ 48 ವರ್ಷ. ಬಹಳ ದಿನಗಳಿಂದ ಎಡ ಪಕ್ಕೆಯ ಕೆಳಗೆ ನೋವು. ಕರಿದದ್ದು ತಿಂದ ರಾತ್ರಿ ಜಾಸ್ತಿ. ಗ್ಯಾಸ್ಟ್ರಿಕ್ ಅಂದುಕೊಂಡು ಮಾತ್ರೆ ಕೊಡುತ್ತಿದ್ದೆವು. ಈಗ ಸ್ಕ್ಯಾನಿಂಗ್‌ನಲ್ಲಿ ಪಿತ್ತಕೋಶದಲ್ಲಿ ಕಲ್ಲು ಕಂಡಿದೆ. ಜೊತೆಗೆ ಲಿವರ್, ಪಿತ್ತಕೋಶ ಎಡಗಡೆ ಇವೆ, ಹೃದಯ ಬಲಗಡೆ ಇದೆ ಎಂದರು. ಮೂವರು ಮಕ್ಕಳನ್ನು ಹೆತ್ತ ಅಮ್ಮನಿಗೆ ಇದು ಗೊತ್ತೇ ಇರಲಿಲ್ಲ. ಕೀಹೋಲ್ ಮಾಡಬಹುದಾ, ಹೊಟ್ಟೆ ಕೊಯ್ಯಲೇಬೇಕಾ? ಇದು ನನಗೂ ಇರಬಹುದಾ?
– ಹೆಸರು ಬೇಡ, ತಿಪಟೂರು

ಉತ್ತರ: ಮೊದಲು ಅಮ್ಮನಿಗೆ ಧೈರ್ಯ ಹೇಳಿ. ಅಂಗಗಳು ಅದಲುಬದಲಾಗಿರುವುದು ಕಾಯಿಲೆ ಅಲ್ಲ. ಕಾಯಿಲೆ ಅಂದರೆ ಆ ಕಲ್ಲು ಮಾತ್ರ.

ಇದನ್ನು ಸೈಟಸ್ ಇನ್ವರ್ಸಸ್ ಎನ್ನುತ್ತಾರೆ. ಸುಮಾರು 10,000 ಜನರಲ್ಲಿ ಒಬ್ಬರಿಗೆ ಇರುತ್ತದೆ. ಭ್ರೂಣಕ್ಕೆ ಕೆಲವೇ ವಾರವಾಗಿರುವಾಗ ಅದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳು ತಿರುಗುತ್ತಾ ದ್ರವವನ್ನು ಒಂದು ಕಡೆಗೆ ತಳ್ಳುತ್ತವೆ. ಎಡ ಯಾವುದು, ಬಲ ಯಾವುದು ಎಂದು ದೇಹಕ್ಕೆ ತಿಳಿಯುವುದು ಆ ಹರಿವಿನಿಂದಲೇ. ಅಲ್ಲಿ ವ್ಯತ್ಯಾಸವಾದರೆ ಅಂಗಗಳ ಜಾಗ ತಿರುಗಬಹುದು. ಹಾಗೆ ಪೂರ್ತಿ ತಿರುಗಿದವರಲ್ಲಿ ಹೆಚ್ಚಿನವರು ಆರೋಗ್ಯವಾಗಿಯೇ ಇರುತ್ತಾರೆ. ಇನ್ಯಾವುದಕ್ಕೋ ಎಕ್ಸ್‌ರೇ ತೆಗೆಸಿದಾಗ ಗೊತ್ತಾಗುತ್ತದೆ, ಅಷ್ಟೇ.

ಕೀಹೋಲ್, ಅಂದರೆ ಸಣ್ಣ ತೂತುಗಳಿಂದ ಕ್ಯಾಮೆರಾ, ಉಪಕರಣ ಹಾಕಿ ಮಾಡುವ ಆಪರೇಷನ್, ಖಂಡಿತ ಮಾಡಬಹುದು. ಇಂಥವರ ಪಿತ್ತಕೋಶವನ್ನು ಕೀಹೋಲ್‌ನಲ್ಲಿ ತೆಗೆದದ್ದು 1991ರಲ್ಲೇ ವರದಿಯಾಗಿದೆ. ಆಮೇಲೆ ನಮ್ಮ ದೇಶದಲ್ಲೂ ಎಷ್ಟೋ ಕಡೆ ಆಗಿದೆ. ಆದರೆ ಸರ್ಜನ್ ಕೈಗೆ ಇದು ಕಷ್ಟದ ಕೆಲಸ. ಯಾಕೆ ಅಂತ ಹೇಳುತ್ತೇನೆ, ನಿಮ್ಮ ಡಾಕ್ಟರನ್ನು ಕೇಳುವಾಗ ಉಪಯೋಗಕ್ಕೆ ಬರುತ್ತದೆ.

ಮಾಮೂಲಿಯಾಗಿ ನಾವು ರೋಗಿಯ ಎಡಗಡೆ ನಿಲ್ಲುತ್ತೇವೆ. ಎಡಗೈ ಪಿತ್ತಕೋಶದ ಕುತ್ತಿಗೆಯನ್ನು ಹಿಡಿದೆಳೆಯುತ್ತದೆ. ಎದೆಗೂಡಿನ ಕೆಳಗೆ, ನಡುವಿನಲ್ಲಿ ಹಾಕಿದ ತೂತಿನಿಂದ ಬಲಗೈ ಪಿತ್ತಕೋಶವನ್ನು ಬಿಡಿಸುವ ನಾಜೂಕು ಕೆಲಸ ಮಾಡುತ್ತದೆ. ಅಮ್ಮನಂಥವರಿಗೆ ನಾವು ಬಲಗಡೆ ನಿಲ್ಲಬೇಕು. ಆಗ ಆ ನಡುವಿನ ತೂತು ನಮ್ಮ ಎಡಗೈಗೆ ಸಿಗುತ್ತದೆ. ಬಲಗೈ ರೂಢಿಯವರಿಗೆ ಇದು ಎಡಗೈಯಲ್ಲಿ ರಂಗೋಲಿ ಎಳೆದ ಹಾಗೆ. ಎರಡೂ ಕೈ ಅಡ್ಡಡ್ಡ ಹಾಕಿಕೊಂಡು ಮಾಡಲು ಹೋದರೆ ಉಪಕರಣಗಳು ಒಂದಕ್ಕೊಂದು ಬಡಿಯುತ್ತವೆ.

ನಾನು ಇಂಥದ್ದೊಂದು ಆಪರೇಷನ್ ಮಾಡಿದ ದಿನ ಕ್ಯಾಮೆರಾ ಒಳಗೆ ಹೋಗುವ ಮೊದಲೇ ಅರ್ಧ ಕೆಲಸ ಆಗಿತ್ತು. ಥಿಯೇಟರ್ ಸಿಸ್ಟರ್ ಮಾನಿಟರನ್ನು ರೋಗಿಯ ಎಡ ಭುಜದ ಹತ್ತಿರ ಸರಿಸಿದ್ದರು, ಟ್ರಾಲಿಯನ್ನೂ ಆಚೆ ಬದಿಗೆ ಇಟ್ಟಿದ್ದರು. ಸಾಮಾನ್ಯವಾಗಿ ಟೇಬಲ್ಲನ್ನು ರೋಗಿಯ ಎಡಕ್ಕೆ ವಾಲಿಸುತ್ತೇವೆ, ಅವತ್ತು ಬಲಕ್ಕೆ ವಾಲಿಸಿದೆವು. ಪಿತ್ತಕೋಶದ ಕುತ್ತಿಗೆ ಹಿಡಿಯುವುದನ್ನು ಅಸಿಸ್ಟೆಂಟ್‌ಗೆ ಬಿಟ್ಟು, ನನ್ನ ಬಲಗೈಯನ್ನು ಬಿಡಿಸುವ ಕೆಲಸಕ್ಕೇ ಇಟ್ಟುಕೊಂಡೆ. ಕೆಲವರು ರೋಗಿಯ ಕಾಲುಗಳ ನಡುವೆ ನಿಂತು ಮಾಡುತ್ತಾರೆ. ಎಡಚ ಸರ್ಜನ್‌ಗಳಿಗೆ ಇಂಥ ಆಪರೇಷನ್ ಸಲೀಸು.

ನಿಜವಾದ ಅಪಾಯ ಒಂದೇ: ಪಿತ್ತಕೋಶದ ಸಣ್ಣ ನಾಳ ಎಂದುಕೊಂಡು ಲಿವರ್‌ನಿಂದ ಬರುವ ಮುಖ್ಯ ಪಿತ್ತನಾಳವನ್ನು ಕತ್ತರಿಸಿಬಿಡುವುದು. ಎಲ್ಲ ತಿರುಗಿರುವಾಗ ಕಣ್ಣು ಮೋಸಹೋಗುವುದು ಸುಲಭ. ಅದಕ್ಕೇ ಪಿತ್ತಕೋಶದೊಳಗೆ ಎರಡೇ ಎರಡು, ಒಂದು ನಾಳ, ಒಂದು ರಕ್ತನಾಳ, ಹೋಗುವುದು ಸ್ಪಷ್ಟವಾಗಿ ಕಾಣುವವರೆಗೂ ಕ್ಲಿಪ್ ಹಾಕಿ ಕತ್ತರಿಸಬಾರದು. ಈ ನಿಯಮ ಎಲ್ಲ ರೋಗಿಗಳಿಗೂ ಇದೆ. ಇಲ್ಲಿ ಇನ್ನೂ ಬಿಗಿ. ಕಾಣದಿದ್ದರೆ ಕೀಹೋಲ್ ಬಿಟ್ಟು ಹೊಟ್ಟೆ ತೆರೆಯುವುದು ಸರಿಯಾದ ನಿರ್ಧಾರ. ಹಾಗೆ ಮಾಡಿದ ಡಾಕ್ಟರ ಮೇಲೆ ದಯವಿಟ್ಟು ಬೇಸರ ಮಾಡಿಕೊಳ್ಳಬೇಡಿ.

ಹಾಗಾಗಿ ಸರ್ಜನ್ ಹತ್ತಿರ ಸಂಕೋಚವಿಲ್ಲದೆ ಕೇಳಿ: ನಾಳಗಳ ದಾರಿ ನೋಡಲು ಎಂಆರ್‌ಸಿಪಿ ಸ್ಕ್ಯಾನ್ ಬೇಕಾ? ಕೋಣೆಯ ಜೋಡಣೆ ಹೇಗೆ ಬದಲಿಸುತ್ತೀರಿ? ಇಂಥದ್ದು ಮೊದಲು ಮಾಡಿದ್ದೀರಾ? ಮಾಡದಿದ್ದರೂ ಪರವಾಗಿಲ್ಲ. ಇದು ಅಪರೂಪ, ಅಲ್ವಾ? ಕೀಹೋಲ್‌ನಲ್ಲಿ ಚೆನ್ನಾಗಿ ಪಳಗಿದವರು, ಅವಸರ ಮಾಡದವರು ಸಾಕು.

ಅಮ್ಮನಿಗೆ ಚಿಕ್ಕಂದಿನಿಂದ ಬಿಡದ ನೆಗಡಿ, ಸೈನಸ್, ಕಫದ ಕೆಮ್ಮು ಇದ್ದರೆ ಅರಿವಳಿಕೆ ಡಾಕ್ಟರಿಗೆ ಹೇಳಲೇಬೇಕು. ಅಂಗಗಳು ಹೀಗೆ ತಿರುಗಿರುವವರಲ್ಲಿ ಸುಮಾರು ಕಾಲು ಭಾಗ ಜನರಿಗೆ ಉಸಿರುನಾಳದ ರೋಮಗಳಲ್ಲೂ ದೋಷ ಇರುತ್ತದೆ. ಇಸಿಜಿಯ ತಂತಿಗಳನ್ನೂ ಎದೆಯ ಬಲಗಡೆಗೆ ಬದಲಿಸಿ ಹಾಕಬೇಕು, ಇಲ್ಲದಿದ್ದರೆ ವರದಿ ನೋಡಿ ಸುಮ್ನೆ ಗಾಬರಿಯಾಗುತ್ತದೆ.

ನಿಮಗೂ ಇರುವ ಸಾಧ್ಯತೆ ತೀರಾ ಕಡಿಮೆ. ಆದರೂ ಒಂದು ಎದೆ ಎಕ್ಸ್‌ರೇ, ಒಂದು ಹೊಟ್ಟೆ ಸ್ಕ್ಯಾನಿಂಗ್ ಮಾಡಿಸಿದರೆ ಅನುಮಾನ ತೀರುತ್ತದೆ. ಅಮ್ಮನ ರಿಪೋರ್ಟಿನ ಫೋಟೋ ಮನೆಯವರೆಲ್ಲರ ಫೋನಿನಲ್ಲೂ ಇರಲಿ. ಮುಂದೆ ಅವರಿಗೆ ಅಪೆಂಡಿಕ್ಸ್ ಏನಾದರೂ ಕೆಟ್ಟರೆ ನೋವು ಎಡಗಡೆ ಬರುತ್ತದೆ. ಅದು ನೋಡುವ ಡಾಕ್ಟರಿಗೆ ಮೊದಲೇ ಗೊತ್ತಿರಬೇಕು.