ಓದುಗರ ಪ್ರಶ್ನೆ: ಲಾಬ್‌ಸ್ಟರ್ ಪೊರೆ ಬಿಡುವ ಬಗೆ

ಪ್ರಶ್ನೆ: ಲಾಬ್‌ಸ್ಟರಿನ ಚಿಪ್ಪು ಅಷ್ಟು ಗಟ್ಟಿಯಿರುವಾಗ ಒಳಗಿನ ಜೀವ ಬೆಳೆಯುವುದು ಹೇಗೆ? ಚಿಪ್ಪೂ ಹಿಗ್ಗುತ್ತದೆಯೇ?

ಉತ್ತರ: ಚಿಪ್ಪು ಹಿಗ್ಗುವುದಿಲ್ಲ, ಅದನ್ನು ಬಿಟ್ಟೇ ಹೊರಬರಬೇಕು. ಪೊರೆ ಬಿಡುವುದೆಂದರೆ ಇದೇ. ಅಮೆರಿಕನ್ ಲಾಬ್‌ಸ್ಟರನ್ನೇ ತೆಗೆದುಕೊಳ್ಳಿ. ಹಳೆ ಚಿಪ್ಪಿನಡಿ ಹೊಸದು ವಾರಗಟ್ಟಲೆ ಮೊದಲೇ ಸಿದ್ಧವಾಗುತ್ತದೆ, ಮೆತ್ತಗೆ, ಸುಕ್ಕುಸುಕ್ಕಾಗಿ. ಹಳೆಯದರಿಂದ ಹೀರಿಕೊಂಡ ಒಂದಿಷ್ಟು ಕ್ಯಾಲ್ಸಿಯಂ ಜಠರದ ಗೋಡೆಯಲ್ಲಿ ಎರಡು ಬಿಳಿ ಹರಳಾಗಿ ಕೂರುತ್ತದೆ. ಹೊತ್ತು ಬಂದಾಗ ಬೆನ್ನಿನ ಚಿಪ್ಪಿಗೂ ಬಾಲದ ಭಾಗಕ್ಕೂ ನಡುವಿನ ತೆಳು ಚರ್ಮ ಬಿರಿಯುತ್ತದೆ. ಪ್ರಾಣಿ ಮಗ್ಗುಲಾಗಿ ಬಿದ್ದು ಆ ಸಂದಿನಿಂದ ಜಾರಿ ಹೊರಬರುತ್ತದೆ. ಎಲ್ಲ ಸರಿಯಿದ್ದರೆ ಸಾಮಾನ್ಯವಾಗಿ ಅರ್ಧ ಗಂಟೆಯೊಳಗಿನ ಕೆಲಸ. ಕಿವಿರಿನ ಹೊದಿಕೆ, ಜಠರದೊಳಗಿನ ಹಲ್ಲುಗಳು ಕೂಡ ಹಳೆ ಚಿಪ್ಪಿನ ಜೊತೆಗೇ ಹೋಗುತ್ತವೆ.

ಆಮೇಲೆ ಸಮುದ್ರದ ನೀರು ಹೀರಿ ಉಬ್ಬುತ್ತದೆ. ಉದ್ದ ಸುಮಾರು ಶೇ. 15, ತೂಕ ಶೇ. 40ರಿಂದ 50 ಏರುತ್ತದೆ. ಏರಿದ ತೂಕ ಮಾಂಸದ್ದಲ್ಲ, ನೀರಿನದು. ಆ ಜಾಗಕ್ಕೆ ಮಾಂಸ ತುಂಬಲು ತಿಂಗಳುಗಳೇ ಬೇಕು. ಹರಳು ಕರಗಿ ಮೊದಲು ಬಾಯಿ, ಜಠರದ ಹಲ್ಲುಗಳಂಥ ಭಾಗ ಗಟ್ಟಿಯಾಗುತ್ತವೆ. ಉಳಿದದ್ದಕ್ಕೆ ಅದು ತನ್ನ ಹಳೆ ಚಿಪ್ಪನ್ನೇ ಕಡಿದು ತಿನ್ನುತ್ತದೆ.

ಪ್ರಶ್ನೆ: ಲಾಬ್‌ಸ್ಟರಿನ ಮುಂಗಾಲಿನ ಇಕ್ಕುಳ ಅಷ್ಟು ದಪ್ಪ, ಅದರ ಬುಡದ ಕೀಲು ಬೆರಳಿನಷ್ಟು ಸಣ್ಣ. ಹೊರಬರುವುದು ಹೇಗೆ?

ಉತ್ತರ: ಕಷ್ಟವೆಲ್ಲ ಇರುವುದು ಇಲ್ಲೇ. ಇಕ್ಕುಳದ ಚಿಪ್ಪು ಸೀಳುವುದಿಲ್ಲ, ಒಳಗಿನದೆಲ್ಲ ಆ ಸಣ್ಣ ಕೀಲಿನಿಂದಲೇ ನುಸುಳಬೇಕು. ಅದಕ್ಕಾಗಿ ಮೂರು ಸಿದ್ಧತೆ ನಡೆಯುತ್ತದೆ: ಪೊರೆ ಬಿಡುವ ಮುನ್ನ ಇಕ್ಕುಳದ ಸ್ನಾಯು ಬಡಕಲಾಗುತ್ತದೆ, ಅಲ್ಲಿನ ರಕ್ತ ಮೈಯೊಳಕ್ಕೆ ಸರಿಯುತ್ತದೆ, ಬುಡದ ಚಿಪ್ಪಿನಲ್ಲಿ ಅಲ್ಲಲ್ಲಿ ಕ್ಯಾಲ್ಸಿಯಂ ಕರಗಿ ಬಾಗುವಷ್ಟು ಮೆದುವಾಗುತ್ತದೆ. ಇಷ್ಟಾದರೂ ಕೆಲವೊಮ್ಮೆ ಸಿಕ್ಕಿಬೀಳುತ್ತದೆ. ಆಗ ಇಕ್ಕುಳವನ್ನೇ ಬುಡದಿಂದ ಕಳಚಿ ಬಿಟ್ಟು ಜೀವ ಉಳಿಸಿಕೊಳ್ಳಬೇಕು, ಇಲ್ಲವೇ ಅರ್ಧದಲ್ಲೇ ಸಾಯಬೇಕು. ಹೋದ ಇಕ್ಕುಳ ಮರಳಿ ಚಿಗುರುತ್ತದೆ, ಆದರೆ ಮೊದಲು ಪುಟ್ಟದಾಗಿ. ಹಳೆಯ ಗಾತ್ರಕ್ಕೆ ಬರಲು ಹಲವು ಸಲ ಪೊರೆ ಬಿಡಬೇಕು. (ಮುಳ್ಳು ಲಾಬ್‌ಸ್ಟರಿಗೆ ಇಂಥ ಇಕ್ಕುಳವೇ ಇಲ್ಲ, ಈ ಪೇಚಾಟವೂ ಇಲ್ಲ.)

ಹೊರಬಂದಾಗ ಮೈ ರಬ್ಬರಿನಂತೆ ಮೆತ್ತಗಿರುತ್ತದೆ. ಮೀನೇನು, ಇನ್ನೊಂದು ಲಾಬ್‌ಸ್ಟರೇ ತಿಂದುಬಿಟ್ಟೀತು. ಅದಕ್ಕೇ ಕಲ್ಲಿನ ಪೊಟರೆ ಸೇರಿ ಅಡಗುವುದು. ಹೆಣ್ಣು ಸಾಮಾನ್ಯವಾಗಿ ಗಂಡಿನ ಬಿಲದೊಳಗೇ ಪೊರೆ ಬಿಡುತ್ತದೆ. ಕೂಡುವುದೂ ಆ ಮೆತ್ತನೆಯ ಹೊತ್ತಿನಲ್ಲೇ, ಗಂಡು ಕೆಲವು ದಿನ ಕಾವಲಿರುತ್ತದೆ.

ಪ್ರಶ್ನೆ: ಎಷ್ಟು ಸಲ ಪೊರೆ ಬಿಟ್ಟಿದೆ ಎಂಬುದರಿಂದ ವಯಸ್ಸು ಹೇಳಬಹುದೇ? ಇವಕ್ಕೆ ಮುಪ್ಪೇ ಇಲ್ಲವಂತೆ?

ಉತ್ತರ: ಆ ಲೆಕ್ಕ ನಂಬುವಂಥದ್ದಲ್ಲ. ಮೊದಲ ವರ್ಷ ಸುಮಾರು 10 ಸಲ, 5ರಿಂದ 7 ವರ್ಷದೊಳಗೆ 20–25 ಸಲ ಬಿಡುತ್ತದೆ. ಆಮೇಲೆ ವರ್ಷಕ್ಕೊಮ್ಮೆ, ಇನ್ನೂ ದೊಡ್ಡದಾದಾಗ ಎರಡು–ಮೂರು ವರ್ಷಕ್ಕೊಮ್ಮೆ. ನೀರು ಬೆಚ್ಚಗಿದ್ದರೆ ಬೇಗ, ತಣ್ಣಗಿದ್ದರೆ ತಡ. ಮುಪ್ಪಿಲ್ಲ ಎಂಬುದು ಉತ್ಪ್ರೇಕ್ಷೆ. ಮೈ ದೊಡ್ಡದಾದಷ್ಟೂ ಪೊರೆ ಬಿಡಲು ಬೇಕಾದ ಶಕ್ತಿ ಹೆಚ್ಚು. ಕೆಲವು ಆ ಶ್ರಮದಲ್ಲೇ ಸಾಯುತ್ತವೆ. ಪೊರೆ ಬಿಡುವುದನ್ನೇ ನಿಲ್ಲಿಸಿದವುಗಳ ಚಿಪ್ಪು ಸವೆದು, ಬ್ಯಾಕ್ಟೀರಿಯಾ ಹತ್ತಿ ತೂತು ಬೀಳುತ್ತದೆ.