ಗಾಜಿಗೆ ಅಂಟಿದ ನೀಲಿ ಕುದುರೆ

ಪ್ರಶ್ನೆ: ಮಾಷ್ಟ್ರೇ, ಬದಿಯಡ್ಕದ ಹತ್ತಿರ ಹೊಸ ಮನೆ ಕಟ್ಟಿಸಿದ್ದೇವೆ. ಗೃಹಪ್ರವೇಶಕ್ಕೆ ಮುಂಚೆ ನಾರ್ವೆಯ ಚಿತ್ರಕಾರ ಮುಂಕ್‌ನ ‘ದಿ ಸ್ಕ್ರೀಮ್’ (ಬಾಯಿ ತೆರೆದು ದಿಗಿಲುಗೊಂಡ ಮುಖದ ಚಿತ್ರ), ಜರ್ಮನಿಯ ಫ್ರಾನ್ಸ್ ಮಾರ್ಕ್‌ನ ನೀಲಿ ಕುದುರೆ ಎರಡರ ಪ್ರಿಂಟನ್ನೂ ಫ್ರೇಮ್ ಸಮೇತ ಆನ್‌ಲೈನಿನಲ್ಲಿ ತರಿಸಿ ಹಾಲ್‌ಗೆ ಹಾಕುವ ಅಂತ ಆಸೆ. ಸ್ಕ್ರೀಮ್ ನೋಡಿದ ಅತ್ತೆ, ‘ತರಕಾರಿ ಸಾಲಿನ ಬೆರ್ಚಪ್ಪನನ್ನು ಮನೆಯೊಳಗೆ ಯಾಕೆ ತರುವುದು?’ ಎನ್ನುತ್ತಾರೆ. ಕ್ಯಾನ್ವಾಸ್ ಒಳ್ಳೆಯದೋ, ಕಾಗದವೋ? ಗಾಜು ಬೇಕಾ?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ಅತ್ತೆಯವರಿಗೆ ಬೆರ್ಚಪ್ಪ ಕಂಡಿತೆಂದರೆ ಚಿತ್ರ ತನ್ನ ಕೆಲಸ ಮಾಡಿದೆ ಎಂದೇ ಲೆಕ್ಕ! ಒಳಗಿನ ದಿಗಿಲನ್ನೇ ಮುಂಕ್ 1893ರಲ್ಲಿ ರಟ್ಟಿನ ಮೇಲೆ ಬಣ್ಣದಲ್ಲಿ ಬರೆದದ್ದು. ಅದನ್ನು ನಿಮ್ಮ ಓದುವ ಕೋಣೆಗೆ ಹಾಕಿಕೊಳ್ಳಿ. ಹಾಲ್‌ಗೆ ಕುದುರೆ ಸಾಕು.

ಆದರೆ ಯಾವ ಕುದುರೆ? ಮಾರ್ಕ್ 1911ರಲ್ಲೇ ನೀಲಿ ಕುದುರೆಗಳನ್ನು ಒಂದಕ್ಕಿಂತ ಜಾಸ್ತಿ ಸಲ ಬರೆದಿದ್ದಾನೆ. ಒಂಟಿ ಕುದುರೆ ತಲೆ ತಗ್ಗಿಸಿ ನಿಂತದ್ದು ಮ್ಯೂನಿಕ್‌ನಲ್ಲಿದೆ, ಅದು ಉದ್ದುದ್ದ ಚಿತ್ರ. ಮೂರು ಕುದುರೆಗಳದ್ದು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿದೆ, ಅದು ಅಡ್ಡ, ಸುಮಾರು ಆರು ಅಡಿ ಅಗಲ. ಸೋಫಾದ ಮೇಲಿನ ಜಾಗಕ್ಕೆ ಹೊಂದಲಿ ಅಂತ ಕೆಲವರು ಒಂಟಿ ಕುದುರೆಯನ್ನೇ ಅಡ್ಡಕ್ಕೆ ಕತ್ತರಿಸಿ ಮಾರುತ್ತಾರೆ. ಕಾಲೇ ಇರುವುದಿಲ್ಲ. ಅಳತೆ ನೋಡಿಯೇ ದುಡ್ಡು ಕೊಡಿ.

ಇನ್ನು ತೇವದ ವಿಷಯ. ಇದರಲ್ಲಿ ನಾನು ಏಟು ತಿಂದವನು. ಡ್ರಾಯಿಂಗ್ ಮಾಷ್ಟ್ರಾಗಿದ್ದಾಗ ಇದೇ ಒಂಟಿ ಕುದುರೆಗೆ ಮಂಗಳೂರಿನ ಒಂದು ಅಂಗಡಿಯಲ್ಲಿ ಫ್ರೇಮ್ ಹಾಕಿಸಿದೆ. ಕಾಗದದ ಮೇಲೆ ನೇರ ಗಾಜು, ಹಿಂದೆ ಹಾರ್ಡ್‌ಬೋರ್ಡ್. ತಂದು ಕೆಂಪುಕಲ್ಲಿನ ಗೋಡೆಗೆ ಹೊಡೆದೆ. ಆಟಿಯ ಮಳೆಗೆ ಹಾರ್ಡ್‌ಬೋರ್ಡ್ ನೆನೆದ ಹಪ್ಪಳದ ಹಾಗೆ ಉಬ್ಬಿತು. ಬಿಚ್ಚಿದರೆ ಕುದುರೆಯ ಕುತ್ತಿಗೆಯ ನೀಲಿ ಎಲ್ಲ ಗಾಜಿಗೆ ಅಂಟಿಕೊಂಡು ಬಂತು. ಕಾಗದದಲ್ಲಿ ಬರೀ ಬಿಳಿ ಕುತ್ತಿಗೆ.

ಹಾಗಾಗಿ ಫ್ರೇಮ್ ಸಮೇತ ತರಿಸಬೇಡಿ. ಪಿಗ್ಮೆಂಟ್ ಇಂಕಿನಲ್ಲಿ (ಬಣ್ಣದ ಪುಡಿಯ ಶಾಯಿ), ಆಸಿಡ್ ಇಲ್ಲದ, ಹೊಳಪಿಲ್ಲದ ಮ್ಯಾಟ್ ಕಾಗದದ ಮೇಲೆ ಹಾಕಿದ ಪ್ರಿಂಟ್ ಮಾತ್ರ ಸುರುಳಿ ಸುತ್ತಿ ಕೊಳವೆಯಲ್ಲಿ ತರಿಸಿ. ಫ್ರೇಮನ್ನು ಕಾಸರಗೋಡಿನಲ್ಲೇ ಎದುರು ನಿಂತು ಹಾಕಿಸಿ. ಗಾಜು ಬೇಕು, ಆದರೆ ಗಾಜಿಗೂ ಚಿತ್ರಕ್ಕೂ ನಡುವೆ ಮೌಂಟ್ ಬೋರ್ಡ್, ಅಂದರೆ ನಡುವೆ ಕಿಟಕಿಯ ಹಾಗೆ ಕೊಯ್ದ ದಪ್ಪ ರಟ್ಟು, ಇರಲೇಬೇಕು. ಹಿಂದೆ ಸಂದಿಗಳಿಗೆಲ್ಲ ಟೇಪ್. ಕೆಳಗಿನ ಎರಡು ಮೂಲೆಗೆ ಬಾಟಲಿಯ ಬಿರಡೆ ಕೊಯ್ದು ಅಂಟಿಸಿದರೆ ಗೋಡೆಗೂ ಫ್ರೇಮಿಗೂ ನಡುವೆ ಗಾಳಿ ಆಡುತ್ತದೆ. ಕ್ಯಾನ್ವಾಸಿಗೆ ಗಾಜಿನ ರಗಳೆ ಇಲ್ಲ ನಿಜ, ಆದರೆ ಥಂಡಿಗೆ ಅದು ಜೋಲುತ್ತದೆ. ಕುಂಚದ ಗುರುತು ಕಾಣಲಿ ಅಂತ ಮೇಲೆ ಬಳಿಯುವ ಜೆಲ್ ಅಂತೂ ಸುಮ್ನೆ ವೇಷ.

ಚಳಿದೇಶದಲ್ಲೂ ಇದೇ ಕಥೆ ಅಲ್ವಾ? ಮುಂಕ್ ಸ್ಕ್ರೀಮನ್ನು ಒಂದಕ್ಕಿಂತ ಜಾಸ್ತಿ ಸಲ ಬರೆದವನು; ನಾರ್ವೆಯ ಓಸ್ಲೋದ ಮುಂಕ್ ಮ್ಯೂಸಿಯಂನಲ್ಲಿರುವ, ಸುಮಾರು 1910ರ ಸ್ಕ್ರೀಮ್‌ನ ಹಳದಿ ಬಣ್ಣ ಮಾಸುವುದಕ್ಕೆ ಬೆಳಕಿಗಿಂತ ತೇವವೇ ಮುಖ್ಯ ಕಾರಣ ಎಂದು ವಿಜ್ಞಾನಿಗಳು 2020ರಲ್ಲಿ ಹೇಳಿದರು. ನಿಮ್ಮದು ಹೊಸ ಗಾರೆ, ಒಳಗೆ ಇನ್ನೂ ನೀರಿರುತ್ತದೆ. ಗೃಹಪ್ರವೇಶಕ್ಕೇ ತೂಗುಹಾಕುವ ಅವಸರ ಬೇಡ, ಒಂದು ಮಳೆಗಾಲ ಕಳೆಯಲಿ. ಇರಿಚಲು ಹೊಡೆಯುವ ಗೋಡೆ ಯಾವುದೆಂದು ಆಗ ನಿಮಗೇ ಗೊತ್ತಾಗುತ್ತದೆ.

ಫ್ರೇಮಿನವರು ‘ಮೌಂಟ್ ಯಾಕೆ ಅಕ್ಕಾ, ಸುಮ್ನೆ ಖರ್ಚು’ ಅಂದರೆ ಕೇಳಬೇಡಿ. ನನ್ನ ಆ ಗಾಜು ಈಗಲೂ ಅಟ್ಟದಲ್ಲಿದೆ, ನೀಲಿ ಕುತ್ತಿಗೆ ಸಮೇತ.